ಇಳಿದ ಮ್ಯಾಲೆ ಕೊಡಾ ದುಡ್ಡು

ಓಡ್ತಾ ಇದೀನಿ. ಕಾಲಡಿ ಜಲ್ಲಿಕಲ್ಲು ಜಾರ್ತಾವೆ. ಒಂದು ಕೈಯಾಗೆ ಬುತ್ತಿಗಂಟು, ಇನ್ನೊಂದು ಮುಷ್ಟಿಯಾಗೆ ಚಿಲ್ಲರೆ. ರೈಲು ನಿಂತೈತೆ. ಅದು ನಿಲ್ಲಾದು ಅಂದ್ರೆ ಎಷ್ಟು, ಒಂದು ಚೊಂಬು ನೀರು ಕುಡಿದು ಮುಗಿಸಾ ಹೊತ್ತು. ಎಂಜಿನ್ನು ಅಲ್ಲಿ ಬೇವಿನಮರದ ತಾವ, ಗಾರ್ಡ್ ಡಬ್ಬಿ ಇಲ್ಲಿ ಬಾಲದಾಗೆ. ನಡುವೆ ಗೂಡ್ಸ್ ಡಬ್ಬಿ ಬ್ಯಾರೆ ಸೇರ್ಸಿರ್ತಾರೆ. ಆಷಾಢದ ಗಾಳಿ ಎದುರಿಗೇ ಬಡೀತೈತೆ, ಎಂಜಿನ್ನಿನ ಬೂದಿ ಕಣ್ಣಿಗೆ ಬೀಳತೈತೆ.

"ಸಾ, ದುರ್ಗಕ್ಕೆ ಒಂದು ಟಿಕೀಟು."

ಗಾರ್ಡು ಹಸಿರು ಬಾವುಟ ಎತ್ತಿದ್ದೋನು ಕೈ ಅರ್ಧಕ್ಕೇ ನಿಲ್ಸಿದ. ಎರಡು ತಲೆ ಕರ ನೋಡಿದಂಗೆ ನನ್ನ ನೋಡಿದ.

"ಏನಂದೆ?"

"ಟಿಕೀಟು ಸಾ."

"ಈ ಹಾಲ್ಟಿಂದಲಾ?"

ಒಳಗಿಂದ ಒಂದು ಮರದ ಪೆಟ್ಟಿಗೆ ಎಳೆದು ಉಫ್ ಅಂತ ಊದಿದ. ಅದರ ಧೂಳೆಲ್ಲ ನನ್ನ ಮುಖಕ್ಕೇ ಬಂತು. ದಪ್ಪ ರಟ್ಟಿನ ಟಿಕೀಟು ಒಂದು ಕೈಗೆ ಬಿತ್ತು. ಸೀಟಿ ಆತು. ಗಾರ್ಡ್ ಡಬ್ಬಿ ಪಕ್ಕದ ಬೋಗಿ ಹಿಡಿ ಹಿಡ್ಕಂಡು ನೇತಾಡ್ದೆ. ಎಂಜಿನ್ನಿನ ಕಡೆ ಬೋಗಿಯಾಗೆ ನಮ್ಮೂರ ಹೆಂಗಸರು ಕಿಟಕಿಯಿಂದ ತಲೆ ಹೊರಗೆ ಹಾಕಿ ನಗ್ತಿದ್ರು.

ಇದು ಎಮರ್ಜೆನ್ಸಿ ವರ್ಷದ ಮಾತು, ಏಳೆಂಟು ವರ್ಷ ಆತು. ಈಗ ನಾನು ಹಿರಿಯೂರಿನಾಗೆ ಹೈವೇ ಮ್ಯಾಲಿನ ಪಂಚರ್ ಅಂಗಡಿಯಾಗೆ ಇದೀನಿ. ಮನ್ನೆ ನಮ್ಮಂಗಡಿ ಎದುರಿಗೆ ಕಮ್ಮಾರ ಒಬ್ಬ ಕುಲುಮೆ ಹಾಕ್ದ. ಇದ್ದಿಲು ಬಿಟ್ಟು ರೈಲಿನ ಕಲ್ಲಿದ್ದಲು ಎಲ್ಲಿಂದಲೋ ತಂದು ಉರಿಸ್ದ. ಆ ಹೊಗೆ ಮೂಗಿಗೆ ಬಡೀತು ನೋಡ್ರಿ, ಲಾರಿ ಗಾಲಿ ಬಿಚ್ಚಾದು ಬಿಟ್ಟು ಎದ್ದು ನಿಂತೆ. ಕಾಲು ಓಡಾಕೆ ರೆಡಿ ಆಗಿದ್ವು. ಎಲ್ಲಿಗೆ ಅಂತ ಕೇಳಿದ್ರೆ ನಂಗೂ ಗೊತ್ತಿಲ್ಲ.

ನಮ್ಮೂರು ಕರೇಗುಡ್ಡ, ಹೊಳಲ್ಕೆರೆ ತಾಲ್ಲೂಕು. ಚಿಕ್ಕಜಾಜೂರಿಂದ ದುರ್ಗಕ್ಕೆ ಹೋಗಾ ಲೈನು ಊರ ಹೊರಗೆ ಹಾಯತೈತೆ. ಅಲ್ಲೊಂದು ಹಾಲ್ಟು. ಹಾಲ್ಟು ಅಂದ್ರೆ ಒಂದು ಬೋರ್ಡು, ಒಂದು ಬೇವಿನಮರ, ಕೂರಾಕೆ ಒಂದು ಚಪ್ಪಡಿ. ಮಾಸ್ತರಿಲ್ಲ, ಟಿಕೀಟು ಕೊಡಾ ಕಿಟಕಿ ಇಲ್ಲ, ಗಂಟೆ ಇಲ್ಲ. ಟಿಕೀಟು ಬೇಕಂದ್ರೆ ಬಾಲದಾಗಿರೋ ಗಾರ್ಡ್ ಹತ್ರ ಹೋಗಿ ತಗಬೇಕು. ಯಾರೂ ಹೋಗ್ತಿರಲಿಲ್ಲ.

ಕಳ್ಳರು ಅಂತಲ್ಲ. ಆ ಮಾತು ನಮ್ಮೂರಾಗೆ ಅಂದು ನೋಡ್ರಿ, ಹಲ್ಲು ಉಳಿಯಲ್ಲ. ಎಲ್ಲಾರೂ ದುರ್ಗದಾಗೆ ಇಳಿದು ಗೇಟಿನಾಗೆ ನಿಂತಿರೋ ಟಿಕೀಟು ಬಾಬು ಕೈಗೆ ದುಡ್ಡು ಕೊಟ್ಟೇ ಹೊರಗೆ ಹೋಗಾರು. ನಮ್ಮೋರ ಪದ್ಧತಿ ಅದು. ನಾವು ಕುರಿ ಕಾಯಾ ಜನ. ರೈತ ತನ್ನ ಹೊಲದಾಗೆ ರಾತ್ರಿ ಮಂದೆ ಮಲಗ್ಸು ಅಂತ ಕರೀತಾನೆ, ಹಿಕ್ಕೆ ಗಂಜಲ ಹೊಲಕ್ಕೆ ಗೊಬ್ಬರ ಆಗತೈತೆ ಅಂತ. ಕುರಿ ಮಲಗಿ ಎದ್ದ ಮ್ಯಾಲೆ ಬೆಳಿಗ್ಗೆ ಕಾಳು ಅಳೀತಾನೆ. ಮುಂಚೆ ಯಾರೂ ಕೇಳಲ್ಲ, ಮುಂಚೆ ಯಾರೂ ಕೊಡಲ್ಲ. ಮುಂಚೆ ಕೇಳಿದ್ರೆ ನಿನ್ನ ಮ್ಯಾಲೆ ನಂಬಿಕೆ ಇಲ್ಲ ಅಂತ ಬೈದಂಗೆ. ರೈಲೂ ಅಷ್ಟೇ. ದುರ್ಗ ಮುಟ್ಟಿಸ್ತಾ? ತಗ ದುಡ್ಡು.

ನಂಗೆ ಇದರಾಗೆ ಒಂದೇ ತಕರಾರು. ಹೊತ್ತು.

ನಾನು ದುರ್ಗದ ಒಂದು ನೂಲಿನ ಮಿಲ್ಲಿನಾಗೆ ಹತ್ತಿ ಬೇಲು ಉರುಳ್ಸಾ ಕೆಲಸಕ್ಕೆ ಹೋಗ್ತಿದ್ದೆ. ಎಂಟಕ್ಕೆ ಸೈರನ್ನು. ಸೈರನ್ನು ನಿಂತ ಮ್ಯಾಲೆ ಗೇಟು ಮುಚ್ಚತೈತೆ, ಆ ದಿನದ ಕೂಲಿ ಹೋತು. ರೈಲು ಸರಿಯಾಗಿ ಬಂದ್ರೆ ಸ್ಟೇಷನ್ನಿಂದ ಓಡಿ ಸೈರನ್ನಿನ ಬಾಲ ಹಿಡೀತಿದ್ದೆ. ಆದ್ರೆ ಸ್ಟೇಷನ್ ಗೇಟಿನಾಗೆ ನಮ್ಮೂರ ಹೆಂಗಸರು ಮೊಸರು ಗಡಿಗೆ ಇಟ್ಕಂಡು ಸಾಲು ನಿಲ್ಲಾರು. ಬಾಬು ಒಬ್ಬೊಬ್ಬರಿಗೂ ರಸೀದಿ ಬರೀಬೇಕು. ಕೆಂಚಮ್ಮತ್ತೆ ಮುಂದಿದ್ರೆ ಮುಗೀತು. ಗಂಟು ಬಿಚ್ಚಿ, ಎಲೆಅಡಿಕೆ ಪಕ್ಕಕ್ಕಿಟ್ಟು, ನಾಣ್ಯ ಒಂದೊಂದೇ ಎಣಿಸಾಳು.

"ಅತ್ತೆ, ಬೇಗ," ಅಂದ್ರೆ, "ಯಾಕಲೇ ತಿಪ್ಪೇಶಿ, ಮಿಲ್ಲಿನ ಯಜಮಾನ ನಿಂಗೆ ಆರತಿ ತಟ್ಟೆ ಹಿಡ್ಕಂಡು ನಿಂತವ್ನಾ?" ಅನ್ನಾಳು.

ಕೆಂಚಮ್ಮ ನಂಗೆ ಸ್ವಂತ ಅತ್ತೆ ಅಲ್ಲ, ಊರತ್ತೆ. ಮೊಸರಿನ ಹೆಂಗಸರಿಗೆಲ್ಲ ಅವಳೇ ಮುಂದಾಳು. ಗಂಡ ಸತ್ತ ಮ್ಯಾಲೆ ಮಗಳನ್ನ ಮೊಸರು ಮಾರೇ ಸಾಕಿದ್ಲು. ಒಂದು ಮಂಡಿ ಊದಿ ತೆಂಗಿನಕಾಯಿ ಆಗಿತ್ತು. ರಸ್ತೆಗೆ ನಡೆದು ಬಸ್ಸು ಹಿಡಿಯಾಕೆ ಆಗ್ತಿರಲಿಲ್ಲ, ಅದಕ್ಕೇ ರೈಲು. ವಾಪಸ್ ರೈಲು ಕತ್ತಲಾದ ಮ್ಯಾಲೆ, ಅಲ್ಲಿ ತನಕ ಯಾರು ಕಾಯ್ತಾರೆ? ಬರಬೇಕಾದ್ರೆ ಖಾಲಿ ಗಡಿಗೆ, ಯಾವುದಾದ್ರೂ ಲಾರಿ ಹತ್ತಿ ಬರಾರು. ನಾನೂ ಹಂಗೇ.

ಹಂಗಾಗಿ ನಾನು ಆವತ್ತು ಓಡಿ ಟಿಕೀಟು ತಗಂಡಿದ್ದು ದೊಡ್ಡ ನ್ಯಾಯವಂತ ಅಂತಲ್ಲ. ಟಿಕೀಟು ಇದ್ರೆ ಗೇಟಿನಾಗೆ ಕೈಗಿಟ್ಟು ನುಗ್ಗಬಹುದು ಅಂತ. ನುಗ್ಗಿದೆ. ಸೈರನ್ನು ಕೂಗಾ ಮುಂಚೇನೇ ಮಿಲ್ಲಿನ ಒಳಗಿದ್ದೆ. ವಾಚ್‍ಮನ್ನು ಗಡಿಯಾರ ನೋಡಿದ, ನನ್ನ ನೋಡಿದ.

ಸೈರನ್ನಿಗೆ ನಾನು ಯಾಕೆ ಅಷ್ಟು ಹೆದರ್ತಿದ್ದೆ ಅಂದ್ರೆ ನಮ್ಮಣ್ಣನಿಂದ. ನಮ್ಮಣ್ಣ ಕರಿಯಪ್ಪ ಕುರಿ ನೋಡ್ಕಂತಿದ್ದ. ಅಪ್ಪ ಹೋದ ಮ್ಯಾಲೆ ಮಂದೆಗೆ ಇಬ್ಬರು ಆಳು ಬೇಕು. ದೀಪಾವಳಿ ಕಳೆದ್ರೆ ನಮ್ಮ ಕಡೆ ಮೇವಿರಲ್ಲ, ಭದ್ರಾ ಚಾನಲ್ ಕಡೆ ಭತ್ತ ಕೊಯ್ದ ಗದ್ದೆಗೆ ಕುರಿ ಹೊಡ್ಕಂಡು ಹೋಗಬೇಕು. ಬ್ಯಾಸಿಗೆ ಮುಗಿಯಾ ತನಕ ಬಯಲಾಗೇ ಊಟ, ಬಯಲಾಗೇ ನಿದ್ದೆ. ನಂಗೆ ಕುರಿ ಹಿಂದೆ ನಡೆಯಾದು ಅಂದ್ರೆ ಮೈಯಾಗೆ ಇರುವೆ ಹರಿದಂಗೆ. ಅವು ನಿಂತ್ರೆ ನಾವು ನಿಲ್ಲಬೇಕು, ಅವು ಮೇಯ್ದು ಮುಗಿಸಾ ತನಕ ಕೋಲಿನ ಮ್ಯಾಲೆ ಗಲ್ಲ ಇಟ್ಕಂಡು ನೋಡ್ತಾ ಇರಬೇಕು. ಇಸ್ಕೂಲೂ ಅದಕ್ಕೇ ಬಿಟ್ಟಿದ್ದು, ಕೂರಾಕೆ ಆಗದೆ.

ಅಣ್ಣ ಮಾತು ಕಡಿಮೆ. "ದೀಪಾವಳಿ ತನಕ ನಿನ್ನ ಮಿಲ್ಲು," ಅಂದಿದ್ದ. "ಅಷ್ಟರಾಗೆ ಕಾಯಂ ಮಾಡ್ಕಂಡ್ರೆ ಸರಿ, ನಾನು ಬ್ಯಾರೆ ಆಳು ನೋಡ್ತೀನಿ. ಇಲ್ಲಾಂದ್ರೆ ಕಂಬಳಿ ಹೆಗಲಿಗೆ ಹಾಕ್ಕಂಡು ನಡಿ."

ಕಾಯಂ ಆಗಬೇಕಂದ್ರೆ ಒಂದು ದಿನಾನೂ ಲೇಟಾಗಬಾರದು. ಆ ವರ್ಷ ಎಲ್ಲಾ ಕಡೆ ಟೈಮಿಂದೇ ಮಾತು.

ಒಂದು ವಾರ ಹಂಗೇ ಓಡಿದೆ. ಒಂದಿನ ದುರ್ಗದ ಹೊರಗೆ ಸಿಗ್ನಲ್ ಬೀಳದೆ ರೈಲು ನಿಂತ್ಕಂತು. ನಾನು ಒಳಗೆ ಕೂರಲಾರದೆ ಕೆಳಗಿಳಿದೆ. ಗಾರ್ಡೂ ಇಳಿದು ಬೀಡಿ ಹಚ್ಚಿದ. ಊರಾಗೆ ಅವನಿಗೆ ಗಾರ್ಡಪ್ಪ ಅಂತಿದ್ರು. ಮೈಸೂರು ಕಡೆಯೋನು, ತೆಳ್ಳಗೆ, ಕೋಟಿನ ಗುಂಡಿ ಒಂದೂ ಸರಿ ಇರಲಿಲ್ಲ.

"ನಿಮ್ಮೂರ ಹಾಲ್ಟಿನ ಟಿಕೆಟ್ಟು ಪೆಟ್ಟಿಗೆಗೆ ಬಂದ ದಿನದಿಂದ ಹಾಗೇ ಇತ್ತು ಕಣಯ್ಯ. ನೀನೇ ಮೊದಲು ಬೋಣಿ ಮಾಡಿದೋನು," ಅಂದ.

"ಎಲ್ಲಾರೂ ಗೇಟಿನಾಗೆ ಕೊಡ್ತಾರಲ್ಲ ಸಾ."

"ಕೊಡ್ತಾರೆ. ಇಲ್ಲ ಅಂದೋನು ಯಾರು? ಟಿಕೆಟ್ ಇಲ್ದೆ ಬಂದೋರಿಗೆ ರೈಲು ಎಲ್ಲಿಂದ ಹೊರಡ್ತೋ ಅಲ್ಲಿಂದ ಲೆಕ್ಕ ಹಾಕ್ತಾರೆ. ಅಂದ್ರೆ ಚಿಕ್ಕಜಾಜೂರಿಂದ. ದಂಡ ಹಾಕದೆ ಬಿಡೋದು ಆ ಬಾಬುವಿನ ದೊಡ್ಡತನ. ಆದ್ರೆ ನಿಮ್ಮ ಹಾಲ್ಟಿನ ಹೆಸರಿಗೆ ಒಂದು ಕಾಸೂ ಬರಲ್ಲ. ಮೇಲಿನೋರು ನೋಡ್ತಾರೆ, ಇಲ್ಲಿ ಯಾರೂ ಹತ್ತೋದೇ ಇಲ್ಲ, ರೈಲು ಯಾಕೆ ನಿಲ್ಲಿಸ್ಬೇಕು ಅಂತಾರೆ."

"ನಿಲ್ಸಲ್ವಾ?"

"ದೀಪಾವಳಿ ಒಳಗೆ ಎತ್ತಿಬಿಡ್ತಾರೆ ಅಂತ ಮಾತಿದೆ. ಅದಕ್ಕೆ ಮುಂಚೆ ಸಾಹೇಬರು ಒಬ್ಬರು ಬಂದು ನೋಡ್ತಾರೆ." ಬೀಡಿ ಎಸೆದ. "ಹತ್ತು, ಹತ್ತು, ಸಿಗ್ನಲ್ ಬಿತ್ತು."

ಆವತ್ತು ಬೇಲು ಉರುಳ್ಸ್ತಾ ಅದೇ ಲೆಕ್ಕ ಹಾಕ್ತಿದ್ದೆ. ಹಾಲ್ಟು ಹೋದ್ರೆ ಮಿಲ್ಲು ಹೋತು. ಸೈಕಲ್ ತಗಳಾಕೆ ದುಡ್ಡಿಲ್ಲ, ದುರ್ಗದಾಗೆ ರೂಮು ಮಾಡಿದ್ರೆ ಕೂಲಿ ಬಾಡಿಗೆಗೇ ಸರಿ. ಕಂಬಳಿ, ಕೋಲು, ಕುರಿ. ಬ್ಯಾರೆ ದಾರಿ ಇಲ್ಲ.

ಮಾರನೇ ದಿನ ಬೆಳಿಗ್ಗೆ ಬೇವಿನಮರದ ಕೆಳಗೆ ಹೆಂಗಸರ ಮುಂದೆ ನಿಂತು ಮಾತೆತ್ತಿದೆ. ನಂಗೆ ನಯವಾಗಿ ಹೇಳಾಕೆ ಬರಲ್ಲ. "ನೀವು ಹಿಂಗೇ ಮಾಡಿದ್ರೆ ರೈಲು ನಿಲ್ಲಲ್ಲ, ನಾಳೆಯಿಂದ ಬಾಲದ ಕಡೆ ಬಂದು ಟಿಕೀಟು ತಗಳ್ರಿ," ಅಂದೆ.

ಕೆಂಚಮ್ಮತ್ತೆ ಬಾಯಾಗಿನ ಎಲೆ ಉಗುಳಿದ್ಲು.

"ನಾವು ಯಾವತ್ತಾದ್ರೂ ಕದ್ದು ಹೋಗೀವೇನಲೇ?"

"ಕದ್ದಿಲ್ಲ ಅತ್ತೆ. ದುಡ್ಡು ಬ್ಯಾರೆ ಕಡೆ ಹೋಗತೈತೆ ಅಂತ."

"ದುಡ್ಡು ರೈಲಿಗೇ ತಾನೆ ಹೋಗಾದು? ಎಡಗೈಗೆ ಕೊಟ್ರೇನು ಬಲಗೈಗೆ ಕೊಟ್ರೇನು? ಇನ್ನಾ ಹತ್ತೇ ಇಲ್ಲ, ಮೊದ್ಲೇ ಕೊಡು ಅಂದ್ರೆ? ನಡುವೆ ಕೆಟ್ಟು ನಿಂತ್ರೆ ನಿಮ್ಮ ಗಾರ್ಡಪ್ಪ ನನ್ನ ಹೊತ್ಕಂಡು ಹೋಗ್ತಾನಾ?"

ಎಲ್ಲಾರೂ ನಕ್ಕರು. ಇನ್ನೊಬ್ಬಾಕೆ, "ಅವನಿಗೆ ಕಮಿಷನ್ ಕೊಡ್ತಾರೇನೋ ಕಣಕ್ಕ," ಅಂದ್ಲು. ಮುಂದಿನ ಬೋಗಿ ಬಿಟ್ಟು ಬರದಿರಾಕೆ ಅವರಿಗೆ ಇನ್ನೊಂದು ಕಾರಣ ಇತ್ತು. ದುರ್ಗದಾಗೆ ಮುಂದಿನ ಬೋಗಿ ಗೇಟಿಗೆ ಹತ್ರ. ಮೊದ್ಲು ಇಳಿದೋರ ಮೊಸರು ಮೊದ್ಲು ಖರ್ಚಾಗತೈತೆ. ಬಾಲದಾಗೆ ಹತ್ತಿದೋರು ಬಾಲದಾಗೇ ಇಳೀಬೇಕು.

ನಂಗೆ ರೇಗಿ ಹೋತು. "ನಡೀರಿ ಹಂಗಾದ್ರೆ, ದೀಪಾವಳಿ ಆದ ಮ್ಯಾಲೆ ಮಂಡಿ ಹಿಡ್ಕಂಡು ನಡೀರಿ," ಅಂದೆ. ಕೆಂಚಮ್ಮತ್ತೆ ಮುಖ ತಿರುಗಿಸಿದ್ಲು. ಆವತ್ತಿಂದ ನನ್ನ ಹತ್ರ ಮಾತು ಬಿಟ್ಲು. ನಾನೂ ಬಿಟ್ಟೆ. ದಿನಾ ಒಬ್ಬನೇ ಬಾಲದ ಕಡೆ ನಿಲ್ಲಾದು, ಅವರು ಬೇವಿನಮರದ ಕಡೆ. ಊರಿಗೆ ಎರಡು ಸ್ಟೇಷನ್ ಆದಂಗಾಗಿತ್ತು.

ಶ್ರಾವಣ ಹೋತು. ಮಳೆ ನಾಕು ಹನಿ ಹಾಕಿ ಹೋತು, ಗಾಳಿ ಮಾತ್ರ ನಿಲ್ಲಲಿಲ್ಲ. ಶೇಂಗಾ ಹೊಲ ಹಸಿರಾದ್ವು. ನಾನು ರಾತ್ರಿ ಮಲಗಿದ್ರೂ ಕಾಲು ಆಡ್ಸ್ತಾನೇ ಇರ್ತಿದ್ದೆ. ಅತ್ತಿಗೆ, "ಏನಪ್ಪ, ಕನಸಿನಾಗೂ ರೈಲು ಹಿಡೀತೀಯ?" ಅಂತ ಬೈಯಾಳು.

ಮಹಾನವಮಿ ಹತ್ರ ಬಂದಾಗ ಒಂದಿನ ರೈಲು ಬಂತು, ನಿಲ್ಲಲಿಲ್ಲ.

ಹೊಸ ಡ್ರೈವರ್ ಅಂತೆ. ಎಂಜಿನ್ನು ಬೇವಿನಮರ ದಾಟ್ತು, ಸ್ಪೀಡು ಕಡಿಮೆ ಆಗ್ಲೇ ಇಲ್ಲ. ಹೆಂಗಸರು ಗಡಿಗೆ ತಲೆ ಮ್ಯಾಲೆ ಇಟ್ಕಂಡು ಬಾಯಿ ತೆಕ್ಕಂಡು ನಿಂತ್ರು. ಬಾಲ ನನ್ನ ಮುಂದೆ ಹೋಗಬೇಕಾದ್ರೆ ಗಾರ್ಡಪ್ಪ ಕೆಂಪು ಬಾವುಟ ಆಡ್ಸ್ತಾ ಮುಂದಕ್ಕೆ ಕೂಗ್ತಿದ್ದ, ಎಂಜಿನ್ನಿಗೆ ಕೇಳ್ಸಲಿಲ್ಲ. ಆಮ್ಯಾಲೆ ಲೈನು ಖಾಲಿ. ಹೊಗೆ ಮಾತ್ರ ಉಳೀತು.

ನಾನು ಓಡಿದೆ. ದುರ್ಗಕ್ಕೆ ಓಡಿ ಮುಟ್ಟಾಕಾಗಲ್ಲ ಅಂತ ಗೊತ್ತು, ಆದ್ರೂ ಹಳಿ ಮ್ಯಾಲೆ ಒಂದಷ್ಟು ದೂರ ಓಡಿದೆ. ಆಮ್ಯಾಲೆ ನಾಚಿಕೆ ಆಗಿ ತಿರುಗಿ ಬಂದೆ. ಹೆಂಗಸರು ರಸ್ತೆ ಕಡೆ ಹೊಂಟಿದ್ರು, ಬಸ್ಸಾದ್ರೂ ಸಿಗಲಿ ಅಂತ. ಕೆಂಚಮ್ಮತ್ತೆ ಹಿಂದೆ ಬಿದ್ದಿದ್ಲು. ಹಳ್ಳ ದಾಟಬೇಕಾದ್ರೆ ಮಂಡಿ ಕೈಕೊಡ್ತು. ಗಡಿಗೆ ಕಲ್ಲಿಗೆ ಬಿದ್ದು ಎರಡಾತು. ಬೆಳ್ಳಗೆ ಮೊಸರು ಮರಳಾಗೆ ಹರೀತು, ಮರಳು ಅದನ್ನ ಹಂಗೇ ಕುಡೀತು. ಅವಳು ಅಳಲಿಲ್ಲ. ಓಡಿನ ತುಂಡು ಕೈಯಾಗೆ ಹಿಡ್ಕಂಡು ಕುಂತಿದ್ಲು.

ನಾನು ಕೈ ಕೊಟ್ಟೆ. ಹಿಡ್ಕಂಡ್ಲು. ಬಹಳ ದಿನ ಆದ ಮ್ಯಾಲೆ ಮಾತಾಡಿದ್ಲು.

"ದಿನಾ ಹಿಂಗೇ ಆಗತೈತಾ?"

"ಹಾಲ್ಟು ಎತ್ತಿದ್ರೆ ದಿನಾ ಹಿಂಗೇ."

"ದುಡ್ಡು ಕೊಟ್ಟೂ?"

"ಅತ್ತೆ, ಚಿಕ್ಕಜಾಜೂರಿನಾಗೆ ಹತ್ತಿದೀವಿ ಅಂತ ಬರೀತಾನೆ ಬಾಬು. ನಮ್ಮೂರಾಗೆ ಯಾರೂ ಹತ್ತಿಲ್ಲ ಅಂತ ಆಗತೈತೆ."

ಅವಳು ಕೈಯಾಗಿನ ಓಡಿನ ತುಂಡು ಮರಳಿಗೆ ಎಸೆದ್ಲು.

"ಅಂದ್ರೆ ನಮ್ಮ ಮಂದೆ ದಿನಾ ಪಕ್ಕದೋನ ಹೊಲದಾಗೆ ಮಲಗತೈತೆ. ಹಿಕ್ಕೆ ಎಲ್ಲಾ ಅವನಿಗೆ. ನಮ್ಮ ಹೊಲ ಬೋಳು."

"ಹೂಂ."

"ಇದನ್ನ ಮೊದ್ಲೇ ಬಾಯಿ ಬಿಟ್ಟು ಹೇಳಾಕೇನಾಗಿತ್ತಲೇ ನಿಂಗೆ? ರೈಲು ನಿಲ್ಲಲ್ಲ, ರೈಲು ನಿಲ್ಲಲ್ಲ ಅಂತ ಕಾಗೆ ಕೂಗಿದಂಗೆ ಕೂಗಿದೆ."

ನಂಗೆ ನಗು ಬಂತು, ತಡ್ಕಂಡೆ. ಆವತ್ತಿನ ಕೂಲಿ ಹೋಗಿತ್ತು.

ಮಾರನೇ ದಿನ ಬೆಳಿಗ್ಗೆ ನಾನು ಹೋಗಾದ್ರಾಗೆ ಕೆಂಚಮ್ಮತ್ತೆ ಎಲ್ಲಾರನ್ನೂ ಬಾಲದ ಕಡೆ ತಂದು ಕೂರ್ಸಿದ್ಲು. ಬೇವಿನಮರದ ನೆರಳು ಬಿಟ್ಟು ಬಿಸಿಲಾಗೆ. ಗೊಣಗಿದೋರಿಗೆ, "ನಮ್ಮ ಹೊಲದಾಗೆ ಮಲಗ್ರೇ," ಅಂದ್ಲು, ಅಷ್ಟೇ.

ಸಾಹೇಬ ಬರಾ ದಿನ ಗಾರ್ಡಪ್ಪ ಮುಂಚೇನೇ ತಿಳ್ಸಿದ. ನಾನು ಒಂದು ಉಪಾಯ ಹೇಳ್ದೆ. "ಊರಾಗಿರೋರನ್ನೆಲ್ಲ ಕರ್ಕಂಡು ಬರಾಣ. ಹೋಗದಿದ್ರೂ ಪರವಾಗಿಲ್ಲ, ಟಿಕೀಟು ತಗಂಡು ನಿಲ್ಲಲಿ. ಜನ ಜಾಸ್ತಿ ಕಾಣ್ಲಿ."

"ಮಲಗದ ಮಂದೆಗೆ ಕಾಳು ಕೇಳ್ತೀಯೇನಲೇ?" ಅಂದ್ಲು ಕೆಂಚಮ್ಮತ್ತೆ. "ಹೋಗಾರು ಬರ್ತೀವಿ. ಸಾಕು."

ಸಾಹೇಬ ಗಾರ್ಡ್ ಡಬ್ಬಿಯಾಗೇ ಬಂದ. ಬಿಳೀ ಪ್ಯಾಂಟು, ಕೈಯಾಗೆ ಗಡಿಯಾರ. ಕೆಂಚಮ್ಮತ್ತೆ ಮೊದ್ಲು ನಿಂತಿದ್ಲು. ಗಾರ್ಡಪ್ಪನ ಮುಂದೆ ಗಂಟು ಬಿಚ್ಚಿದ್ಲು, ಎಲೆಅಡಿಕೆ ಪಕ್ಕಕ್ಕಿಟ್ಲು, ನಾಣ್ಯ ಒಂದೊಂದೇ ಎಣಿಸಿದ್ಲು. ನಾನು ಹಿಂದೆ ನಿಂತು ಹಲ್ಲು ಕಡೀತಿದ್ದೆ.

"ಕರೇಗುಡ್ಡದ ಹೆಸರಿಂದು ಕೊಡ್ರಿ. ಚಿಕ್ಕಜಾಜೂರಿಂದು ಬ್ಯಾಡ."

"ಇಲ್ಲಿಂದ ಹತ್ತಿದ್ರೆ ಇಲ್ಲಿಂದೇ ಅಮ್ಮ," ಅಂದ ಗಾರ್ಡಪ್ಪ.

"ಕೊಟ್ಟ ಮ್ಯಾಲೆ ದುರ್ಗ ಮುಟ್ಟಿಸ್ತೀರಾ?"

"ಮುಟ್ಟಿಸ್ತೀವಿ."

ಅವಳು ಸಾಹೇಬನ ಕಡೆ ತಿರುಗಿ, "ನೀವು ಸಾಕ್ಷಿ," ಅಂದ್ಲು. ಸಾಹೇಬ ಏನೂ ಗೊತ್ತಾಗದೆ ತಲೆ ಆಡ್ಸಿದ.

ಒಬ್ಬೊಬ್ಬರೂ ಹಂಗೇ. ಯಾರೂ ದುಡ್ಡು ಒಟ್ಟು ಮಾಡಿ ಒಬ್ಬರ ಕೈಗೆ ಕೊಡಲಿಲ್ಲ. ಎಂಜಿನ್ನು ಮುಂದೆ ಸೀಟಿ ಮ್ಯಾಲೆ ಸೀಟಿ ಹೊಡೀತಿತ್ತು. ಸಾಹೇಬ ಗಡಿಯಾರ ನೋಡ್ತಾ ಇದ್ದ. ಮುಗೀತು, ಹಾಲ್ಟು ಹೋತು ಅಂದ್ಕಂಡೆ. ಎಲ್ಲಾರೂ ಹತ್ತಿದ ಮ್ಯಾಲೆ ಸಾಹೇಬ ಗಾರ್ಡಪ್ಪನಿಗೆ ಹೇಳಿದ್ದು ನನ್ನ ಕಿವಿಗೆ ಬಿತ್ತು. "ಇಷ್ಟು ಜನಕ್ಕೆ ಇಲ್ಲಿ ಒಂದು ನಿಮಿಷ ಸಾಲಲ್ಲ. ಐದು ನಿಮಿಷ ಮಾಡೋದಕ್ಕೆ ಬರೀತೀನಿ."

ಹಾಲ್ಟು ಉಳೀತು. ಬೋಗಿಯಾಗೆ ಕೆಂಚಮ್ಮತ್ತೆ ನಂಗೆ ಒಂದು ಲೋಟ ಮೊಸರು ಬಗ್ಸಿ ಕೊಟ್ಲು. ಮಾರಾ ಮೊಸರು ಅವಳು ಯಾರಿಗೂ ಬಿಟ್ಟಿ ಕೊಟ್ಟೋಳಲ್ಲ. ಕುಡಿದೆ. ಕುಡಿದು ಮುಗಿಸಾದ್ರಾಗೆ ಸಾಹೇಬನ ಮಾತು ಲೆಕ್ಕಕ್ಕೆ ಬಂತು.

ಐದು ನಿಮಿಷ.

ಆವತ್ತು ಸ್ಟೇಷನ್ನಿಂದ ಹೆಂಗೆ ಓಡಿದ್ನೋ ನಂಗೇ ಗೊತ್ತಿಲ್ಲ. ಮಿಲ್ಲಿನ ಮುಂದೆ ಬಂದಾಗ ಗೇಟು ಮುಚ್ಚಿತ್ತು. ಒಂದಿನ ಅಲ್ವಾ ಅಂದ್ಕಂಡೆ. ಆಮ್ಯಾಲೆ ದಿನಾ ಅದೇ. ರೈಲು ನಮ್ಮೂರಾಗೆ ಆರಾಮಾಗಿ ನಿಲ್ಲಾಕೆ ಹತ್ತಿತು. ಪಕ್ಕದ ಹಟ್ಟಿಯೋರೂ ಬರಾಕೆ ಹತ್ತಿದ್ರು, ಟಿಕೀಟು ಕೊಡ್ತಾರಂತೆ ಅಂತ. ಗಾರ್ಡಪ್ಪ ಚಿಲ್ಲರೆ ಹುಡುಕಾದು, ಅವರು ಗಂಟು ಬಿಚ್ಚಾದು.

ನಾನು ಬೇಡ್ಕಂಡೆ. "ಅತ್ತೆ, ಎಲ್ಲಾರ ದುಡ್ಡು ಮುಂಚೇನೇ ನನ್ನ ಕೈಗೆ ಕೊಟ್ಬಿಡ್ರಿ. ಒಂದೇ ಸಲಕ್ಕೆ ತಗಂತೀನಿ. ಬೇಗ ಹೊರಡತೈತೆ."

"ಕಾಳು ಅಳೆಯಾವಾಗ ಕೊಡೋನು ತಗಣೋನು ಎದುರುಬದುರು ಇರಬೇಕು ಕಣಲೇ. ನಡುವೆ ಮೂರನೇ ಕೈ ಬರಬಾರದು."

"ನನ್ನ ಕೆಲಸ ಹೋಗತೈತೆ ಅತ್ತೆ."

ಮಾರನೇ ದಿನ ಎಲ್ಲಾರೂ ಸರಿಯಾದ ಚಿಲ್ಲರೆ ಮುಷ್ಟಿಯಾಗೆ ಹಿಡ್ಕಂಡೇ ಬಂದ್ರು, ಅವಳೇ ಹೇಳಿರಬೇಕು. ಚಕಚಕ ಅಂತ ಮುಗೀತು. ನಾನು ಹತ್ತಿ ಕುಂತೆ. ರೈಲು ಹೊರಡಲಿಲ್ಲ. ಗಾರ್ಡಪ್ಪ ಕೆಳಗೆ ನಿಂತು ಗಡಿಯಾರ ನೋಡ್ತಿದ್ದ.

"ಬಿಡ್ರಿ ಸಾ."

"ಟೈಮ್ ಆಗ್ಲಿ ಕಣಯ್ಯ. ಈಗ ನಿಮ್ಮೂರಿಗೆ ಐದು ನಿಮಿಷ ಅಂತ ಆರ್ಡರ್ ಇದೆ. ಮುಂಚೆ ಬಿಟ್ರೆ ನನ್ನ ಕೇಳ್ತಾರೆ."

ಮಿಲ್ಲಿನ ವಾಚ್‍ಮನ್ನು ಕೆಟ್ಟೋನಲ್ಲ. ಎರಡು ಸಲ ಗೇಟಿನ ಕಿಂಡಿಬಾಗ್ಲಾಗೆ ಒಳಗೆ ಬಿಟ್ಟ. ಮೂರನೇ ಸಲ ಮೇಸ್ತ್ರಿ ನೋಡ್ದ, ನಾಳೆಯಿಂದ ಬರಬ್ಯಾಡ ಅಂದ. "ನಿಮ್ಮ ರೈಲಿಗೆ ಹೇಳಪ್ಪ, ಮಿಲ್ಲಿನ ಟೈಮು ನೋಡ್ಕಂಡು ಬಾ ಅಂತ," ಅಂದು ವಾಚ್‍ಮನ್ನು ನನ್ನ ಬುತ್ತಿಗಂಟು ಕೈಗೆ ಕೊಟ್ಟು ಗೇಟು ಹಾಕ್ದ. ದೀಪಾವಳಿಗೆ ಇನ್ನಾ ಸ್ವಲ್ಪ ದಿನ ಇತ್ತು.

ಆವತ್ತು ನಾನು ಮನೆಗೆ ಹೋಗಲಿಲ್ಲ. ದುರ್ಗದಾಗೆ ಸುಮ್ಮನೆ ಸುತ್ತಿದೆ. ಚಂದ್ರವಳ್ಳಿ ಕಡೆ ಹೋಗಿ ಬಂಡೆ ಮ್ಯಾಲೆ ಕುಂತೆ, ಎದ್ದೆ, ಮತ್ತೆ ಕುಂತೆ. ಗಾಳಿ ಬಿಟ್ರೆ ಅಲ್ಲಿ ಯಾರಿಗೂ ಏನೂ ಅರ್ಜೆಂಟಿರಲಿಲ್ಲ. ಸಂಜೆ ಲಾರಿ ಹತ್ತಿ ಊರಿಗೆ ಬಂದೆ. ಅಣ್ಣ ಆಗಲೇ ಗೂಟದಾಗೆ ಎರಡು ಕಂಬಳಿ ನೇತಾಕಿದ್ದ.

ಹಬ್ಬ ಮುಗಿಸಿ ಹೊಂಟ್ವಿ. ಬೆಳಿಗ್ಗೆ ಮಂಜು ಇತ್ತು. ಹಾಲ್ಟಿನ ಆಚೆ ಲೈನು ದಾಟಬೇಕಾದ್ರೆ ಅರ್ಧ ಮಂದೆ ಆ ಕಡೆ, ಅರ್ಧ ಈ ಕಡೆ, ಅಷ್ಟರಾಗೆ ರೈಲು ಬಂತು. ಎಂಜಿನ್ನು ಕೂಗಿದ್ದಕ್ಕೆ ಕುರಿ ಬೆದರಿ ಹಳಿ ಮ್ಯಾಲೇ ಗುಂಪಾಗಿ ನಿಂತ್ಕಂಡ್ವು. ರೈಲು ನಿಂತ್ಕಂತು. ಹಳಿ ನಡುವೆ ನಾನು ಕೋಲು ಹಿಡ್ಕಂಡು ನಿಂತಿದ್ದೆ. ಎಷ್ಟು ಹುಯ್ ಅಂದ್ರೂ ಒಂದು ಕುರಿ ಕದಲಲ್ಲ.

ತಿರುವಿನಾಗೆ ರೈಲು ಬಾಗಿ ನಿಂತಿದ್ದಕ್ಕೆ ಬಾಲದ ಬೋಗಿ ಕಿಟಕಿಯಾಗೆ ಕೆಂಚಮ್ಮತ್ತೆ ತಲೆ ಕಾಣ್ತು.

"ಲೇ ತಿಪ್ಪೇಶಿ, ಬೇಗ ದಾಟ್ಸಲೇ. ಮೊಸರು ಹುಳಿಯಾಗತೈತೆ."

ಗಾರ್ಡಪ್ಪ ಬಾಗಿಲಾಗೆ ನಿಂತು ನನ್ನ ಗುರುತು ಹಿಡಿದ. ಕೈ ಎತ್ತಿದ. ಅಣ್ಣ ಮುಂದಿನ ಕುರಿ ಕಿವಿ ಹಿಡಿದು ಎಳೆದ, ಉಳಿದವು ಹಿಂದೆ ಹೋದ್ವು. ರೈಲು ಹೋತು. ನಗದಿರೋ ಅಣ್ಣ ಆವತ್ತು ನಕ್ಕ. "ಈಗ ನಿನ್ನಿಂದ ರೈಲು ಲೇಟು," ಅಂದ.

ಚಾನಲ್ ಕಡೆ ಸಂಕ್ರಾಂತಿ ತನಕ ಇದ್ದೆ. ಆಮ್ಯಾಲೆ ಆಗಲಿಲ್ಲ. ಒಂದು ಬೆಳಿಗ್ಗೆ ಕಂಬಳಿ ಮಡಚಿ ಅಣ್ಣನ ಕಾಲ ಹತ್ರ ಇಟ್ಟು ಲಾರಿ ಹತ್ತಿದೆ. ಆ ಲಾರಿ ಹಿರಿಯೂರಿನಾಗೆ ಪಂಚರ್ ಆತು. ಅಂಗಡಿಯೋನಿಗೆ ಆಳು ಬೇಕಿತ್ತು. ಅಷ್ಟೇ ನಾನು ಹಿರಿಯೂರಿಗೆ ಬಂದಿದ್ದು. ಇಲ್ಲಿ ರೈಲಿಲ್ಲ, ಸೈರನ್ನಿಲ್ಲ. ಗಾಲಿಗಳು ಯಾವಾಗ ಬೇಕಾದ್ರೂ ಬರ್ತಾವೆ, ಬಂದ ತಕ್ಷಣ ಹೋಗಬೇಕು ಅಂತಾವೆ.

ಆ ಕಮ್ಮಾರನ ಹೊಗೆ ಕುಡಿದ ಮ್ಯಾಲೆ ತಡೆಯಾಕಾಗಲಿಲ್ಲ. ಅಣ್ಣನ ಮಗಂದು ಜವಳ ಇತ್ತು, ಅದೇ ನೆಪ ಮಾಡ್ಕಂಡು ಊರಿಗೆ ಹೋದೆ. ಅಣ್ಣ ಊಟ ಹಾಕ್ದ, ಹಳೇದು ಎತ್ತಲಿಲ್ಲ. ಮಾರನೇ ದಿನ ಬೆಳಿಗ್ಗೆ ದುರ್ಗದ ರೈಲು ಹಿಡಿಯಾಕೆ ಹಾಲ್ಟಿಗೆ ಬಂದೆ. ಬೇವಿನಮರದ ಕೆಳಗೆ ಒಂದು ತಗಡಿನ ಶೆಡ್ಡು ಬಂದೈತೆ. ಈಗ ಗಾರ್ಡ್ ಕೊಡಲ್ಲ, ಕಮಿಷನ್ ಮ್ಯಾಲೆ ಊರೋರಿಗೇ ಟಿಕೀಟು ಮಾರಾಕೆ ಕೊಟ್ಟವ್ರೆ. ಕೆಂಚಮ್ಮತ್ತೆ ಅಳಿಯ ಓದಿದೋನು, ಅವನಿಗೆ ಸಿಕ್ಕೈತೆ. ಆವತ್ತು ಅವನು ಕೆರೆ ಕಡೆ ಹೋಗಿದ್ದ. ಕಿಂಡಿ ಹಿಂದೆ ಕೆಂಚಮ್ಮತ್ತೆ ಕುಂತಿದ್ಲು, ಮಂಡಿಗೆ ಬಟ್ಟೆ ಸುತ್ಕಂಡು. ಮೊಸರು ಈಗ ಮಗಳು ತಗಂಡು ಹೋಗ್ತಾಳಂತೆ. ಅತ್ತೆಗೆ ಓದಾಕೆ ಬರಲ್ಲ. ಆದ್ರೆ ದುರ್ಗದ ಟಿಕೀಟು ಯಾವ ಗೂಡಾಗೈತೆ ಅಂತ ಗೊತ್ತು.

ರೈಲಿನ ಹೊಗೆ ಕಾಣ್ತಿತ್ತು. ನಾನು ಕಿಂಡಿಗೆ ಬಾಗಿ, "ದುರ್ಗ, ಒಂದು," ಅಂದೆ.

ನನ್ನ ಮುಖ ನೋಡಿದ್ಲು. ಗುರುತು ಸಿಕ್ತು. ಹೆಂಗಿದೀಯ, ಎಲ್ಲಿದೀಯ ಏನೂ ಕೇಳಲಿಲ್ಲ. ಟಿಕೀಟು ಬೆರಳಾಗೆ ಹಿಡ್ಕಂಡು ಇನ್ನೊಂದು ಕೈ ಚಾಚಿದ್ಲು.

"ದುಡ್ಡು."

ನಂಗೆ ತಮಾಷೆ ಅನ್ನಿಸ್ತು. "ಇಳಿದ ಮ್ಯಾಲೆ ಕೊಡ್ತೀನಿ ಅತ್ತೆ. ನಿಮ್ಮ ಪದ್ಧತಿ ಅಲ್ವಾ?"

ಅವಳು ನಗಲಿಲ್ಲ.

"ಇಳಿದ ಮ್ಯಾಲೆ ನೀನು ತಿರುಗಿ ಬರ್ತೀಯೇನಲೇ?"

ಚಿಲ್ಲರೆ ಎಣಿಸಿ ಅವಳ ಕೈಗಿಟ್ಟೆ. ಟಿಕೀಟು ಕೊಟ್ಲು. ರೈಲು ಬಂತು, ಹತ್ತಿದೆ. ಐದು ನಿಮಿಷ ನಿಂತ್ಕಂತು. ನಾನು ಅವಳ ಕಡೆ ನೋಡಲಿಲ್ಲ, ಅವಳೂ ನೋಡಿರಲಿಕ್ಕಿಲ್ಲ.

ಇಷ್ಟೇ. ಇದರ ಮ್ಯಾಲೆ ಹೇಳಾಕೆ ನನ್ನ ಹತ್ರ ಏನೂ ಇಲ್ಲ.